ಹಾಲುಚಹಾದ ಬಣ್ಣ

ಅಪ್ಪನಿಗೆ ಬಿಳಿ ಬಣ್ಣ ಬಿಳಿಯಾಗಿ ಕಾಣುತ್ತಿಲ್ಲ ಅನ್ನೋ ಅನುಮಾನ ನನಗೆ ಬಂದು ತಿಂಗಳಾಗಿತ್ತು. ಬಾಯಿಬಿಟ್ಟು ಹೇಳೋದಿರಲಿ, ದಿನಚರಿಯಲ್ಲಿ ಬರೆಯೋದಕ್ಕೂ ಕೈ ಬರುತ್ತಿರಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು. ಕೊನೆಗೆ ಒಂದು ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದೆ: "ಇವತ್ತೂ ಸುಮ್ಮನಿದ್ದೆ."

ಬೇರೆ ಯಾರ ಅಪ್ಪನಾಗಿದ್ದರೂ ಇದು ಇಷ್ಟು ಕಾಡುತ್ತಿರಲಿಲ್ಲವೇನೋ. ನನ್ನಪ್ಪ, ಫೂಕ್, ಮೆಕ್ಯಾನಿಕ್. ಮಲೇಷ್ಯಾದ ಈಪೋ ಊರಿನ ಹಳೇ ಪೇಟೆಯಲ್ಲಿ, ಪೆಂಗ್ ಅಂಕಲ್ಲಿನ ಕಾಫಿ ಅಂಗಡಿಯ ಪಕ್ಕದಲ್ಲಿ, ಮೂವತ್ತೆಂಟು ವರ್ಷದಿಂದ ಕಾರಿನ ಕಾಯಿಲೆಯನ್ನು ಅದರ ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಹೇಳುತ್ತ ಬಂದವನು. ಹೊಸ ಕಾರುಗಳಿಗೆಲ್ಲ ಈಗ ಕಂಪ್ಯೂಟರ್ ಚುಚ್ಚುತ್ತಾರೆ. ಹಳೇ ಕಾರು ಇಟ್ಟುಕೊಂಡವರು ಮಾತ್ರ ಇನ್ನೂ ಫೂಕ್‌ನ ಹತ್ತಿರವೇ ಬರುತ್ತಾರೆ.

ಆ ಬಣ್ಣಗಳನ್ನು ನನಗೆ ಕಲಿಸಿದ್ದೂ ಅಪ್ಪನೇ. ನನಗಾಗ ಆರು ವರ್ಷ. ಶಾಲೆ ಬಿಟ್ಟ ಮೇಲೆ ಅಮ್ಮ ಮಾರ್ಕೆಟ್ಟಿನಿಂದ ಬರುವ ತನಕ ಗ್ಯಾರೇಜಿನಲ್ಲಿ ಒಂದು ಟೈರಿನ ಮೇಲೆ ಕೂತಿರುತ್ತಿದ್ದೆ. ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅಪ್ಪ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ತೂತು ಕೊರೆದ ಒಂದು ಹಲಗೆಯಲ್ಲಿ ಸಿಕ್ಕಿಸಿ, ನನ್ನ ಮುಂದಿಡುತ್ತಿದ್ದ. ಪ್ಲಗ್ಗಿನ ತುದಿಯಲ್ಲಿ, ಕಿಡಿ ಹಾರುವ ಕಡೆ, ಪಿಂಗಾಣಿಯ ಒಂದು ಪುಟ್ಟ ಮೂಗಿರುತ್ತದೆ. ನೋಡಬೇಕಾದದ್ದು ಅದನ್ನು.

"ಇದು ಯಾವ ಬಣ್ಣ, ಲೆಂಗ್?"

"ಕಪ್ಪು ಕಾಫಿ."

"ಹಂಗಂದ್ರೆ ಈ ಕಾರು ಪೆಟ್ರೋಲು ಜಾಸ್ತಿ ಕುಡೀತಿದೆ. ಕುಡುಕ. ಇದು?"

"ಸೋಯಾ ಸಾಸು."

"ಒಳಗಡೆ ಎಣ್ಣೆ ಸೋರ್ತಿದೆ. ಇದು?"

"ಪೆಂಗ್ ಅಂಕಲ್ಲಿನ ಹಾಲುಚಹಾ."

"ಅದೇ ಬೇಕಾಗಿರೋದು! ಹಾಲುಚಹಾ ಬಂತೋ, ಮುಟ್ಟಬೇಡ, ಬಾನೆಟ್ ಮುಚ್ಚು, ಮನೆಗೆ ಹೋಗು."

ಪಕ್ಕದಿಂದ ಪೆಂಗ್ ಅಂಕಲ್ ಕೂಗುತ್ತಿದ್ದ: "ಏ ಫೂಕ್, ನನ್ನ ಚಹಾನ ಕುಡಿದೂ ಹೊಗಳಯ್ಯ! ಬರೀ ಪ್ಲಗ್ಗಿಗೆ ಹೋಲಿಸ್ತೀಯ!"

"ಕುಡಿದ್ರೆ ನನ್ನ ಎಂಜಿನ್ನೂ ಕೆಡತ್ತೆ ಮಾರಾಯ!"

ಹೆದರಬೇಕಾದ ಬಣ್ಣ ಒಂದೇ, ಅಕ್ಕಿಹಿಟ್ಟಿನದು. ಮೂಗು ಬೆಳ್ಳಗೆ ಸುಣ್ಣದ ಹಾಗೆ ಒಣಗಿದ್ದರೆ ಎಂಜಿನ್ನಿಗೆ ಪೆಟ್ರೋಲು ಸಾಲದೆ ಒಳಗೇ ಬೆಂದುಹೋಗುತ್ತಿದೆ ಅಂತ. ಅದರ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ ಕಂಡರೆ ಮುಗಿಯಿತು, ಪಿಸ್ಟನ್ ಕರಗೋಕೆ ಶುರುವಾಗಿದೆ. "ಕಪ್ಪಗಿರೋ ಕಾರು ಕೆಮ್ಮುತ್ತಾ ಕೆಮ್ಮುತ್ತಾ ಮನೆ ಸೇರತ್ತೆ. ಬೆಳ್ಳಗಿರೋದು ಚೆನ್ನಾಗಿ ಓಡ್ತಾ ಓಡ್ತಾನೇ ಸಾಯತ್ತೆ," ಅನ್ನುತ್ತಿದ್ದ ಅಪ್ಪ. ಹಾಗನ್ನುವಾಗ ಅವನ ಮುಖ ಕೆಟ್ಟ ಸುದ್ದಿ ಹೇಳುವ ಆಸ್ಪತ್ರೆಯವರ ಮುಖದ ಹಾಗಾಗುತ್ತಿತ್ತು.

ನಾನು ಪೆನಾಂಗಿಗೆ ಹೋಗಿ ಇತಿಹಾಸದಲ್ಲಿ ಡಿಗ್ರಿ ಮಾಡಿಕೊಂಡು ಬಂದೆ. ಸಂದರ್ಶನಗಳಲ್ಲಿ ಬಾಯಿ ಒಣಗಿ ಎರಡು ಕೆಲಸ ತಪ್ಪಿದ ಮೇಲೆ ಮತ್ತೆ ಗ್ಯಾರೇಜಿನಲ್ಲೇ ಕೂತೆ, ಈ ಸಲ ಕುರ್ಚಿಯ ಮೇಲೆ. ಅಪ್ಪ ಮೊದಲ ದಿನವೇ ಹಲಗೆಯನ್ನು ಮುಂದಿಟ್ಟು, "ಮರೆತಿಲ್ಲ ತಾನೆ?" ಅಂದ. ಅವತ್ತಿನಷ್ಟು ಸಂತೋಷ ನನಗೆ ಪದವಿ ಪ್ರದಾನದ ದಿನವೂ ಆಗಿರಲಿಲ್ಲ.

ಅನುಮಾನ ಹುಟ್ಟಿದ್ದು ಒಂದು ಅಂಗಿಯಿಂದ. ಸೋದರಮಾವನ ಮಗನ ಮದುವೆಗೆ ಅಂತ ಅಮ್ಮ ಅಪ್ಪನಿಗೆ ಹೊಸ ಬಿಳಿ ಅಂಗಿ ತಂದಳು. ಅಪ್ಪ ಬಿಚ್ಚಿ ನೋಡಿ, "ಈ ಹಳದಿ ಯಾಕೆ ತಂದೆ?" ಅಂದ. "ನಿನ್ನ ತಮಾಷೆ ಸಾಕು," ಅಂತ ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ, ಆಮೇಲೆ ಮಡಿಸಿಟ್ಟ.

ಅದಾದ ವಾರಕ್ಕೆ ಟ್ಯಾಕ್ಸಿಯ ಕನಗರಾಜು ಕಾರನ್ನು ಎಳೆಸಿಕೊಂಡು ಬಂದ. ಎರಡು ತಿಂಗಳ ಹಿಂದೆ ಅಪ್ಪನೇ ಸರಿಮಾಡಿ ಕಳಿಸಿದ್ದ ಎಂಜಿನ್ನು. ಬಿಚ್ಚಿದರೆ ಮೂರನೇ ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು.

"ಅಣ್ಣಾ, ನಿನ್ನ ಕೈ ಬಿದ್ದ ಮೇಲೂ ಹಿಂಗಾಗತ್ತಾ?" ಅಂದ ಕನಗರಾಜು. ಸಿಟ್ಟಿನಿಂದಲ್ಲ, ನಂಬಲಾರದೆ.

"ಪೆಟ್ರೋಲು ಕಲಬೆರಕೆ ಇರ್ಬೇಕು," ಅಂದ ಅಪ್ಪ.

ಹಲಗೆಯಲ್ಲಿದ್ದ ನಾಲ್ಕು ಪ್ಲಗ್ಗುಗಳೂ ಅಕ್ಕಿಹಿಟ್ಟಿನ ಬಣ್ಣದವು. ಅಪ್ಪ ಅವನ್ನು ನೋಡಿ, "ಪ್ಲಗ್ಗೆಲ್ಲ ಸರಿಯಾಗೇ ಇದೆಯಲ್ಲ," ಅಂತ ಗೊಣಗಿದ.

ಅವತ್ತು ಇಡೀ ದಿನ ಯೋಚಿಸಿದೆ. ಬಿಳಿ ಅವನಿಗೆ ಹಾಲುಚಹಾದಂತೆ ಕಾಣುತ್ತಿದೆ. ಹಾಗಾದರೆ ನಿಜವಾದ ಹಾಲುಚಹಾ? ಅದು ಕಪ್ಪು ಕಾಫಿಯಾಗಿ ಕಾಣುತ್ತಿರಬೇಕು. ಆರೋಗ್ಯವಾಗಿರುವ ಎಂಜಿನ್ನನ್ನು ನೋಡಿ "ಕುಡುಕ" ಅಂದುಕೊಂಡು, ಪೆಟ್ರೋಲು ಹರಿಯುವ ಹಿತ್ತಾಳೆಯ ಜೆಟ್ ತೆಗೆದು ಸಣ್ಣ ತೂತಿನದನ್ನು ಹಾಕುತ್ತಿದ್ದಾನೆ. ಪ್ಲಗ್ಗು ಬೆಳ್ಳಗಾದ ಮೇಲೆ ತೃಪ್ತಿಯಾಗಿ ಬಾನೆಟ್ ಮುಚ್ಚುತ್ತಿದ್ದಾನೆ. ಎಷ್ಟು ಕಾರುಗಳು ಹಾಗೆ ಹೋದವೋ.

ಹೇಳೋದಕ್ಕೆ ಧೈರ್ಯವಿಲ್ಲದೆ ಕಳ್ಳದಾರಿ ಹಿಡಿದೆ. ಬ್ರೆಡ್ಡಿನ ವ್ಯಾನೊಂದು ಬಂದಿತ್ತು. ಅಪ್ಪ ಅದಕ್ಕೂ ಸಣ್ಣ ಜೆಟ್ ಹಾಕಿ ಊಟಕ್ಕೆ ಹೋದಾಗ ನಾನೇ ಕಾರ್ಬೊರೇಟರ್ ಬಿಚ್ಚಿ ದೊಡ್ಡ ಜೆಟ್ ಹಾಕಿದೆ. ಕೆಲಸ ಸರಿಯಾಗಿತ್ತು. ಅಪ್ಪ ಬಂದು, ವ್ಯಾನನ್ನು ಓಡಿಸಿಕೊಂಡು ಹೋಗಿ ಬಂದ. ಪ್ಲಗ್ಗು ಚಿನ್ನದಂಥ ಹಾಲುಚಹಾ.

"ಥೂ, ಮತ್ತೆ ಕಾಫಿ!" ಅಂದವನೇ ನನ್ನ ಕಣ್ಣೆದುರೇ ಅದನ್ನು ತೆಗೆದು ಸಣ್ಣದು ಹಾಕಿದ. "ವಯಸ್ಸಾಯ್ತು ಕಣೇ ಲೆಂಗ್. ಯಾವ ಜೆಟ್ ಹಾಕಿದ್ದೆ ಅನ್ನೋದೂ ಮರೆತುಹೋಗ್ತಿದೆ ನಂಗೆ."

ತಪ್ಪು ತನ್ನದೇ ಅಂದುಕೊಂಡ. ನಾನು ಬಟ್ಟೆಯಲ್ಲಿ ಕೈ ಒರೆಸುತ್ತ ನಿಂತೆ. ಆ ಪುಟದ ಅಂಚಿನ ಸಾಲು ಬರೆದದ್ದು ಅವತ್ತೇ.

ಶನಿವಾರ ಬೆಳಿಗ್ಗೆ ಝಬೀದಾ ಟೀಚರ್ ಬಂದರು. ಪ್ರೈಮರಿಯಲ್ಲಿ ನನಗೆ ಮಲಯ ಭಾಷೆ ಕಲಿಸಿದವರು. ಈಗ ನಿವೃತ್ತಿಯಾಗಿದ್ದಾರೆ. ಅವರ ಹಸಿರು ಕಾರಿಗೆ ನನಗಿಂತ ಹೆಚ್ಚು ವಯಸ್ಸು. ಅದನ್ನು ಅಪ್ಪನ ಹೊರತು ಯಾರಿಗೂ ಮುಟ್ಟಲು ಬಿಡುವುದಿಲ್ಲ.

"ನಾಳೆ ಮೊಮ್ಮಕ್ಕಳನ್ನ ಕೂರಿಸಿಕೊಂಡು ಕ್ಯಾಮೆರಾನ್ ಬೆಟ್ಟಕ್ಕೆ ಹೋಗೋಣ ಅಂತ, ಫೂಕ್. ನನ್ನ ತಂಗಿ ಸ್ಟ್ರಾಬೆರಿ ಬೆಳೆದಿದ್ದಾಳಂತೆ, ಬಂದು ನೋಡು ನೋಡು ಅಂತಾಳೆ. ಇದು ಏರತ್ತಾ?"

"ಏರದೇ ಏನು ಟೀಚರ್? ನಿಮಗಿಂತ ಗಟ್ಟಿ ಇದೆ."

"ನನ್ನ ಮೊಣಕಾಲಿಗೆ ಹೋಲಿಸಿದ್ರೆ ಎಲ್ಲಾನೂ ಗಟ್ಟಿಯೇ ಬಿಡು."

ಅಪ್ಪ ಒಂದು ಗಂಟೆ ಕೆಲಸ ಮಾಡಿದ. ಪ್ಲಗ್ಗುಗಳನ್ನು ಬೆಳಕಿಗೆ ಹಿಡಿದು, "ಅಯ್ಯೋ, ಕುಡೀತಿದೆ ಟೀಚರ್," ಅಂದ. ನಾನು ನೋಡಿದೆ, ಕುಡಿಯುತ್ತಿರಲಿಲ್ಲ. ಜೆಟ್ ಬದಲಾಯಿಸಿ ಹೊಸ ಪ್ಲಗ್ಗು ಹಾಕಿ, "ಬನ್ನಿ, ಪರೀಕ್ಷೆ ಮಾಡಿಬಿಡೋಣ," ಅಂದ.

ಅಪ್ಪನ ಪರೀಕ್ಷೆ ಅಂದರೆ ತಂಬುನ್ ರಸ್ತೆ. ನಿಂತಲ್ಲೇ ಗುರುಗುಟ್ಟುವ ಎಂಜಿನ್ನಿನ ಪ್ಲಗ್ಗು ಸುಳ್ಳು ಹೇಳುತ್ತದೆ, ಓಡುವಾಗಲೇ ಹಿಡಿಯಬೇಕು ಅನ್ನುತ್ತಾನೆ. ಸುಣ್ಣದಕಲ್ಲಿನ ಗುಡ್ಡಗಳ ನಡುವೆ ಜೋರಾಗಿ ಓಡಿಸಿ, ಆ ವೇಗದಲ್ಲೇ ಕ್ಲಚ್ ತುಳಿದು ಕೀಲಿ ತಿರುಗಿಸಿ ಎಂಜಿನ್ ಕೊಂದುಬಿಡುತ್ತಾನೆ. ಆಮೇಲೆ ಕಾರು ಸದ್ದಿಲ್ಲದೆ ತೇಲಿಕೊಂಡು ಹೋಗಿ ಚಕೋತ ಮಾರುವವರ ಸಾಲಿನ ಪಕ್ಕ ಮರದಡಿ ನಿಲ್ಲುತ್ತದೆ. ಚಿಕ್ಕವಳಿದ್ದಾಗ ನನಗೆ ಆ ನಿಶ್ಶಬ್ದ ತುಂಬ ಇಷ್ಟವಾಗುತ್ತಿತ್ತು. ಗಾಳಿಯ ಸದ್ದು, ಟೈರಿನ ಸದ್ದು, ಅಷ್ಟೆ. ಅಪ್ಪನೂ ಮಾತಾಡುತ್ತಿರಲಿಲ್ಲ, ನಾನೂ ಮಾತಾಡಬೇಕಾಗಿರಲಿಲ್ಲ.

ಅವತ್ತೂ ಕಾರು ಹಾಗೇ ತೇಲಿತು. ಹಿಂದಿನ ಸೀಟಿನಲ್ಲಿ ಟೀಚರ್ ಕೈಚೀಲವನ್ನು ಎದೆಗೊತ್ತಿಕೊಂಡು, "ಅಲ್ಲಾ, ಈ ಮನುಷ್ಯನಿಗೆ ಬ್ರೇಕ್ ಅನ್ನೋದು ಗೊತ್ತಿಲ್ವಾ!" ಅಂದರು. ಅಪ್ಪ ಹುಡುಗನ ಹಾಗೆ ನಕ್ಕ. ಆ ನಗು ಹಾಗೇ ಇರಲಿ ಅಂತ ನನಗೆಷ್ಟು ಆಸೆಯಾಯಿತೆಂದರೆ, ಕಾರು ನಿಲ್ಲದೇ ಹೋಗಲಿ ಅನ್ನಿಸಿತು.

ನಿಂತಿತು. ಅಪ್ಪ ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿ, ಬಿಸಿಲಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದ.

"ಹಾಲುಚಹಾ," ಅಂದ. "ನೋಡು ಲೆಂಗ್, ಎಷ್ಟು ಚೆಂದ ಬಂದಿದೆ."

ನನ್ನ ಅಂಗೈಗೆ ಬಟ್ಟೆಯ ಸಮೇತ ಇಟ್ಟ. ಪಿಂಗಾಣಿಯ ಮೂಗು ಬೆಳ್ಳಗೆ, ಒಣಕಲಾಗಿ ಇತ್ತು. ಹತ್ತಿರ ಹಿಡಿದರೆ ಒಂದು ಬದಿಯಲ್ಲಿ ಕರಿಮೆಣಸಿನ ಪುಡಿಯಂಥ ನಾಲ್ಕೈದು ಚುಕ್ಕೆ. ಸಪಾಟು ರಸ್ತೆಯಲ್ಲಿ ಐದು ನಿಮಿಷ ಓಡಿದ್ದಕ್ಕೇ ಇಷ್ಟು. ಬೆಟ್ಟದ ಅರವತ್ತು ಕಿಲೋಮೀಟರ್ ಏರುದಾರಿ, ಹಿಂದೆ ಮಕ್ಕಳು, ತಿರುವಿನಲ್ಲಿ ಎಂಜಿನ್ ಹಿಡಿದುಕೊಂಡು ಕಾರು ನಿಂತುಬಿಟ್ಟರೆ, ಅದರ ಹಿಂದೆ ಲಾರಿ.

"ಹಾಗಾದ್ರೆ ಧೈರ್ಯವಾಗಿ ಹೋಗಬಹುದಾ?" ಟೀಚರ್ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು.

"ಕಣ್ಣು ಮುಚ್ಚಿಕೊಂಡು ಹೋಗಿ."

ಚಕೋತ ಮಾರುವ ಹೆಂಗಸು ಒಂದು ಹಣ್ಣಿನ ಸಿಪ್ಪೆ ಬಿಡಿಸುತ್ತ ನಮ್ಮನ್ನೇ ನೋಡುತ್ತಿದ್ದಳು. ಈಗ ಬೇಡ, ಅಂದುಕೊಂಡೆ. ಟೀಚರ್ ಎದುರಿಗೆ ಬೇಡ, ಮನೆಗೆ ಹೋದ ಮೇಲೆ ಅಮ್ಮನ ಕೈಲಿ ಹೇಳಿಸೋಣ. ಆದರೆ ಅಪ್ಪ ಆಗಲೇ ಪ್ಲಗ್ಗಿಗಾಗಿ ಕೈ ಚಾಚಿದ್ದ. ಅದನ್ನು ಹಾಕಿ ಬಾನೆಟ್ ಮುಚ್ಚಿದರೆ ಟೀಚರ್ ನಮ್ಮನ್ನು ಗ್ಯಾರೇಜಿನಲ್ಲಿ ಇಳಿಸಿ ಹೊರಟುಹೋಗುತ್ತಾರೆ.

ನಾನು ಪ್ಲಗ್ಗನ್ನು ಕೊಡಲಿಲ್ಲ.

"ಕೊಡೇ," ಅಂದ ಅಪ್ಪ.

ನಾನು ಮುಷ್ಟಿ ಬಿಗಿಹಿಡಿದೆ. ಬಟ್ಟೆಯೊಳಗಿಂದ ಅದು ಇನ್ನೂ ಸುಡುತ್ತಿತ್ತು.

"ಏನಾಯ್ತೇ?"

"ಶಾಲೇಲೂ ಹಿಂಗೇ ಇವಳು," ಅಂದರು ಟೀಚರ್. "ಉತ್ತರ ಗೊತ್ತಿರ್ತಿತ್ತು, ಬಾಯಿ ಮಾತ್ರ ಬಿಡ್ತಿರಲಿಲ್ಲ. ಏನಮ್ಮಾ, ಹೇಳು."

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಕಣ್ಣಿನ ಮಧ್ಯೆ, ಬಿಸಿಲು ಬಿದ್ದ ಕಡೆ, ಹೊಗೆ ಕಟ್ಟಿದ ಗಾಜಿನಂಥ ಮಸುಕು ಪೊರೆ ಕಂಡಿತು. ಇಷ್ಟು ದಿನ ನಾನು ಪ್ಲಗ್ಗುಗಳನ್ನೇ ನೋಡಿದ್ದೆ, ಅವನ ಕಣ್ಣನ್ನು ನೋಡಿರಲಿಲ್ಲ. ಅವನ ನಗು ಮೆಲ್ಲಗೆ ಇಳಿಯಿತು. ಅವನಿಗೂ ಏನೋ ಗೊತ್ತಿತ್ತೇನೋ, ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದನೇನೋ, ನನಗೆ ತಿಳಿಯದು.

"ಅಪ್ಪಾ," ಅಂದೆ. ದನಿ ನನ್ನದಲ್ಲದ ಹಾಗೆ ಜೋರಾಗಿ ಬಂತು. "ಇದು ಬೆಳ್ಳಗಿದೆ. ನಿನಗೆ ಕಾಣ್ತಿಲ್ಲ."