ಸೀಳು ವಾಶರ್

ದಸರೆ ಮುಗಿದು ವಾರವೂ ಆಗಿರಲಿಲ್ಲ. ಧನಕವಡಿಯ ಶಿವಪುತ್ರಪ್ಪನವರ ಹಿಟ್ಟಿನ ಗಿರಣಿಯಲ್ಲಿ ಮೋಟರು ಗಡಗಡ ನಡುಗಿ, ಪಟ್ಟಾ ಕಳಚಿ ಗೋಡೆಗೆ ಬಡಿಯಿತು. ಸೊಸೆ ಮಾಧುರಿ ಸ್ವಿಚ್ ಆರಿಸುವಷ್ಟರಲ್ಲಿ ಅದು ಅವಳ ಮೊಣಕೈಯನ್ನು ಸವರಿಕೊಂಡೇ ಹೋಗಿತ್ತು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರು ಹಿಂದೆ ಸರಿದರು. ಕೈಗೆ ಪೆಟ್ಟಾಯಿತೇ ಎಂದು ಮಾವ ಕೇಳಲಿಲ್ಲ.

ಮುಟ್ಟಾದವಳು ಮಷೀನಿಗೆ ಕೈ ಹಚ್ಚಿದರೆ ಇನ್ನೇನಾಗುತ್ತದೆ, ನಾಳೆಯಿಂದ ಇವಳು ಗಿರಣಿಗೆ ಬರುವುದಿಲ್ಲ, ಬೇರೆ ಆಳು ಇಡುತ್ತೇನೆ ಎಂದರು. ಸೊಸೆಯ ಜೊತೆ ಕನ್ನಡವನ್ನೇ ಆಡುವ ಮನುಷ್ಯ, ಇದೊಂದನ್ನು ಮಾತ್ರ ಸಾಲಿನ ಮರಾಠಿ ಹೆಂಗಸರಿಗೆಲ್ಲ ತಿಳಿಯಲೆಂದು ಮರಾಠಿಯಲ್ಲಿ ಹೇಳಿದರು.

ಮಾಧುರಿಗೆ ಮೈಯೆಲ್ಲ ಉರಿದುಹೋಯಿತು. ಗಂಡ ಸಿದ್ದಾರೂಢ ಚಾಕಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ. ಮದುವೆಯಾಗಿ ಬಂದಾಗಿನಿಂದ ಗಿರಣಿ ನಡೆಸಿದವಳು ಇವಳೇ. ಮುಟ್ಟಿನ ದಿನಗಳಲ್ಲೂ ಒಂದು ದಿನವೂ ತಪ್ಪಿಸಿದವಳಲ್ಲ, ಹಿಟ್ಟಿನ ದುಡ್ಡು ಎಣಿಸಿಕೊಳ್ಳುವಾಗ ಮಾವನಿಗೆ ಯಾವ ಮೈಲಿಗೆಯೂ ನೆನಪಾದದ್ದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಅವಳು ನಟ್ಟು ಬಿಚ್ಚುವ ಪಾನಾ ಹಿಡಿದು ಮೋಟರಿನ ಬುಡದಲ್ಲಿ ಕೂತಳು. ನಟ್ಟುಗಳು ಬರಿಗೈಯಲ್ಲಿ ತಿರುಗುವಷ್ಟು ಸಡಿಲವಾಗಿದ್ದವು. ಒಂದನ್ನು ಬಿಚ್ಚಿ ನೋಡಿದರೆ ಕೆಳಗೆ ಸ್ಪ್ರಿಂಗ್ ವಾಶರ್ ಇಲ್ಲ, ಒಂದು ಸಾದಾ ಚಪ್ಪಟೆ ಬಿಲ್ಲೆ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಗೆಂದು ಎಲ್ಲವನ್ನೂ ಬಿಚ್ಚಿ ತೊಳೆದವಳು ಅವಳೇ. ಹಳೆಯ ವಾಶರುಗಳು ಒತ್ತಿ ಒತ್ತಿ ಸಪಾಟಾಗಿದ್ದವೆಂದು ಕ್ಯಾಂಪ್ ಪೇಟೆಯ ಅಂಗಡಿಯಿಂದ ಬೋಲ್ಟಿನ ಅಳತೆಯ ಹೊಸವನ್ನು ತಂದು, ತಾಟಿನಲ್ಲಿ ಜೋಡಿಸಿಟ್ಟು, ಹೋಳಿಗೆ ಬೇಯಿಸಲು ಒಳಗೆ ಹೋಗಿದ್ದಳು. ಆಮೇಲೆ ಕೂಡಿಸಿದವರು ಮಾವ.

"ನಾ ತಂದಿದ್ದ ವಾಶರ್ ಎಲ್ಲಿಟ್ಟೀರಿ ಮಾವಾರ?"

"ಅವು ಸೀಳಿದ್ವು. ಭಿನ್ನ ಆದದ್ದನ್ನ ಪೂಜಿಗೆ ಇಡತಾರೇನು? ಅಂಗಡಿಯಾಂವ ನಿನಗ ಒಡದ ಮಾಲ ಕೊಟ್ಟು ಟೋಪಿ ಹಾಕ್ಯಾನ. ಅದಕ್ಕ ನಾನ ಇಡೀವು ನೋಡಿ ಹಾಕಿನಿ."

"ಅವು ಇರೂದ ಹಂಗ್ರಿ. ಸೀಳಿನ ಒಂದು ತುದಿ ಮ್ಯಾಲ, ಒಂದು ಕೆಳಗ. ಬಿಗದ ಮ್ಯಾಲ ನಟ್ಟನ್ನ ಒತ್ತಿ ಹಿಡೀತಾವ. ಮೋಟರ್ ಎಷ್ಟ ನಡುಗಿದ್ರೂ ಬಿಡಂಗಿಲ್ಲ." ಅವಳು ಆ ಚಪ್ಪಟೆ ಬಿಲ್ಲೆಯನ್ನು ಎತ್ತಿ ತೋರಿಸಿದಳು. "ನೀವು ಹಾಕಿದ್ದು ಸಡಲ ಆತು. ಅದಕ್ಕ ನನ್ನ ಮುಟ್ಟು ಯಾಕ ಎಳದ್ರಿ, ಅದೂ ಇಷ್ಟು ಮಂದ್ಯಾಗ? ಕೊರಳಾಗ ಲಿಂಗ ಕಟ್ಟಿಕೊಂಡವರಿಗೆ ಈ ಸೂತಕ ಎಲ್ಲಿಂದ ಬಂತ್ರಿ?"

ಶಿವಪುತ್ರಪ್ಪ ಅಂಗಿಯ ಮೇಲಿನಿಂದಲೇ ಎದೆಯ ಲಿಂಗವನ್ನು ಮುಟ್ಟಿಕೊಂಡರು. ವಾಶರುಗಳು ಕಿಟಕಿಯಲ್ಲಿವೆ ಎಂದರು. ಆದರೂ ಹಟ ಬಿಡಲಿಲ್ಲ.

"ಇರ್ಲಿ. ನಾಕ ದಿನ ಬಿಟ್ಟು, ಜಳಕಾ ಮಾಡಿ ಬಾ. ಆಮ್ಯಾಲ ನೋಡೂಣು."

ನೋಡುವುದೇನು ಉಳಿದಿದೆ! ಮಾಧುರಿ ಎದ್ದು ಹೋಗಿ ವಾಶರುಗಳನ್ನು ತಂದಳು. ಒಂದೊಂದು ನಟ್ಟಿನ ಕೆಳಗೂ ಒಂದೊಂದು ಸೇರಿಸಿ, ಸೀಳು ಕೂಡಿಕೊಳ್ಳುವ ತನಕ ಬಿಗಿದಳು. ಪಟ್ಟಾ ಏರಿಸಿ ಸ್ವಿಚ್ ಒತ್ತಿದಳು. ಮೋಟರು ಕೂತಲ್ಲೇ ಕೂತು ಓಡಿತು. ಸಾಲಿನ ಡಬ್ಬಿಗಳಿಗೆ ಕೈ ಹಾಕದೆ, ಮೊದಲು ತಮ್ಮ ಮನೆಯ ಜೋಳವನ್ನೇ ಸುರಿದಳು. ಬಿಸಿ ಹಿಟ್ಟು ಇಳಿಯತೊಡಗಿದಾಗ ಒಂದು ಹಿಡಿ ತೆಗೆದು ಮಾವನ ಮುಂದೆ ಹಿಡಿದಳು.

"ರಾತ್ರಿ ನಿಮ್ಮ ರೊಟ್ಟಿಗೆ ಈ ಹಿಟ್ಟ ನಡೀತದೋ, ಬ್ಯಾರೆ ಗಿರಣಿಯಿಂದ ತರಸ್ಲ್ಯೋ?"

ಹೆಂಗಸರೆಲ್ಲ ಮುದುಕನ ಬಾಯಿಯನ್ನೇ ನೋಡುತ್ತಿದ್ದರು. ಶಿವಪುತ್ರಪ್ಪ ಹಿಟ್ಟನ್ನು ನೋಡಿದರು, ಮೋಟರನ್ನು ನೋಡಿದರು.

"ನಡೀತದ," ಎಂದರು ಮೆಲ್ಲಗೆ.

"ಮರಾಠಿಯಾಗ ಹೇಳ್ರಿ," ಎಂದಳು ಮಾಧುರಿ.