ನಿಲ್ದಾಣದ ಹುಣಸೆಮರ

ದಾಸವಾಳದ ಬೇರನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ ತ್ರಿವಿಕ್ರಮರಾಯರು ಅದನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟರು. ಅಲ್ಲಿ ಆಗಲೇ ಕಾಂಗ್ರೆಸ್ ಗಿಡದ ಬೇರು, ಕರಿಬೇವಿನ ಒಣಕಡ್ಡಿ, ಹೆಂಡತಿ ತುಂಗಾ ಊರಾಚೆಯ ಕೆರೆ ಏರಿಯಿಂದ ಆರಿಸಿ ತಂದಿದ್ದ ಯಾವುದೋ ಬಳ್ಳಿಯ ಬುಡ ಎಲ್ಲವೂ ಬಿದ್ದುಕೊಂಡಿದ್ದವು.

“ಇದೂ ಅಲ್ಲ ಕಣೆ,” ಎಂದರು. “ಹುಣಸೆ ಬುಡ ಇಷ್ಟು ನೆಟ್ಟಗಿರಲ್ಲ.”

“ನೋಡೋರಿಗೆ ಎಲ್ಲಿ ಗೊತ್ತಾಗುತ್ತೆ ಬಿಡಿ.”

“ನೋಡೋರು ಅಂದ್ರೆ ನಾನು, ನೀನು. ನಿಂಗೆ ಗೊತ್ತಾಗಲ್ವಾ?”

ತುಂಗಾ ಅಂಟಿನ ಡಬ್ಬಿಯ ಮುಚ್ಚಳ ಹಾಕಿದಳು.

ಯಲಹಂಕ ಉಪನಗರದ ಆ ಮನೆಯ ಮಹಡಿ ಕೋಣೆಯಲ್ಲಿ, ಮಂಚಕ್ಕೆ ತಾಗಿದಂತೆ ಎರಡು ಮೇಜುಗಳ ಮೇಲೆ ಹಾಸಿದ ಹಲಗೆಯಲ್ಲಿ ಒಂದು ಪುಟ್ಟ ರೈಲು ನಿಲ್ದಾಣವಿತ್ತು. ಚಿಕ್ಕಬಳ್ಳಾಪುರದ ದಾರಿಯಲ್ಲಿ ರಾಯರ ತಂದೆ ಸ್ಟೇಷನ್ ಮಾಸ್ಟರ್ ಆಗಿದ್ದ ನಿಲ್ದಾಣ. ಸಣ್ಣ ಗೇಜಿನ ಹಳಿ ಕಿತ್ತು ದೊಡ್ಡದು ಹಾಕುವಾಗ ಆ ಕಟ್ಟಡವೂ ಹೋಗಿತ್ತು, ಎದುರಿಗಿದ್ದ ಹುಣಸೆಮರವೂ ಹೋಗಿತ್ತು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ರಾಯರು ಅದನ್ನು ನೆನಪಿನಿಂದಲೇ ಮತ್ತೆ ಕಟ್ಟತೊಡಗಿದ್ದರು. ರೈಲು, ಹಳಿ, ಸಿಗ್ನಲ್ಲು ಅವರವು. ಮರಗಳು ತುಂಗಾಳವು. ಮೊದಲು ತರಿಸಿದ ಪ್ಲಾಸ್ಟಿಕ್ ಮರಗಳನ್ನು ನೋಡಿ, ಇವು ಹಿಮ ಬೀಳುವ ಊರಿನವು ಎಂದು ನಕ್ಕವಳು ಅವಳೇ. ಮಾರನೆಯ ದಿನ ಒಣಬೇರಿಗೆ ತೆಂಗಿನ ನಾರು ಬಿಡಿಸಿ ಅಂಟಿಸಿ, ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪನ್ನು ಪುಡಿಮಾಡಿ ಟೀ ಜರಡಿಯಿಂದ ಉದುರಿಸಿ ಒಂದು ಜಾಲಿಮರ ಮಾಡಿಕೊಟ್ಟಿದ್ದಳು. ಅವಳು ಏನು ಮಾಡಿ ಬಡಿಸಿದರೂ ‘ಪರವಾಗಿಲ್ಲ’ ಎನ್ನುತ್ತಾ ಬಂದ ಮನುಷ್ಯ, ಆ ಮರವನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ್ದರು.

ಆಮೇಲೆ ಬೇವು ಬಂತು, ಹೊಂಗೆ ಬಂತು, ಹಳಿಯಂಚಿಗೆ ಸೋಸಿ ಒಣಗಿಸಿದ ಟೀಪುಡಿಯ ಮಣ್ಣು ಬಂತು. ಹುಣಸೆಮರವನ್ನು ಮಾತ್ರ ರಾಯರು ಕೊನೆಗೆಂದು ಉಳಿಸಿಕೊಂಡಿದ್ದರು. ತುಂಗಾ ಮದುವೆಯಾಗಿ ಬಂದ ದಿನ ರೈಲಿಳಿದಾಗ ರಾಹುಕಾಲ ನಡೆಯುತ್ತಿತ್ತು. ಹೊಸ ಹೆಣ್ಣು ಈ ಹೊತ್ತಿನಲ್ಲಿ ಹೊಸ್ತಿಲು ದಾಟಬಾರದೆಂದು ಅತ್ತೆ ಇಬ್ಬರನ್ನೂ ಆ ಮರದ ಬುಡದಲ್ಲಿ ಕೂರಿಸಿ, ಆರತಿಗೆ ಅಣಿಮಾಡಲು ಕ್ವಾರ್ಟರ್ಸಿಗೆ ಹೋಗಿದ್ದರು. ಅವರಿಬ್ಬರೇ ಕೂತದ್ದು ಅದೇ ಮೊದಲು. ಎಷ್ಟೋ ಹೊತ್ತಿನ ಮೇಲೆ ಗಂಡ ಎನ್ನಿಸಿಕೊಂಡವನು “ತಲೇಲಿ ಎಲೆ ಬಿದ್ದಿದೆ” ಎಂದಿದ್ದ. ತೆಗೆಯಲಿಲ್ಲ. ಅವಳೂ ತೆಗೆದುಕೊಳ್ಳಲಿಲ್ಲ. ಆರತಿ ತಂದ ಅತ್ತೆಯೇ ಅದನ್ನು ಕೊಡವಿದ್ದು.

ಈಗ ರಾಯರು ಮಹಡಿಯಿಂದ ಇಳಿಯುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಡಾಕ್ಟರು ತುಂಗಾಳೊಬ್ಬಳನ್ನೇ ಒಳಗೆ ಕರೆದು, ಇನ್ನು ಆಸ್ಪತ್ರೆಗೆ ಅಲೆದಾಡಿಸುವುದರಲ್ಲಿ ಅರ್ಥವಿಲ್ಲ, ನೋವಾಗದಂತೆ ನೋಡಿಕೊಳ್ಳೋಣ ಎಂದಿದ್ದರು. ಹೊರಗೆ ಗಾಲಿಕುರ್ಚಿಯಲ್ಲಿ ಕೂತಿದ್ದ ಗಂಡನಿಗೆ ಅವಳು, ಸ್ವಲ್ಪ ಶಕ್ತಿ ಬಂದ ಮೇಲೆ ಮುಂದಿನ ಚಿಕಿತ್ಸೆಯಂತೆ ಎಂದು ಹೇಳಿದಳು. ಅವರು ತಲೆಯಾಡಿಸಿದರು. ಅಂದಿನಿಂದ ದಿನವೂ ಅವಳು ಗಂಜಿ ಕುಡಿಸುವಾಗ ಶಕ್ತಿಯ ಮಾತಾಡುವುದು, ಅವರು ತಲೆಯಾಡಿಸುವುದು ನಡೆದೇ ಇತ್ತು. ಆ ಸುಳ್ಳೊಂದು ಕಳಚಿದರೆ ತಾನು ಈ ಮೆಟ್ಟಿಲು ಹತ್ತಲಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಪಕ್ಕದ ಬಾಡಿಗೆ ಮನೆಯ ರತ್ನವ್ವ, ಬಾದಾಮಿ ಕಡೆಯವಳು, ಮಧ್ಯಾಹ್ನ ಬಂದು ಕೂರುತ್ತಿದ್ದಳು. ಅವಳಿದ್ದರೆ ಕೋಣೆ ಹಗುರಾಗುತ್ತಿತ್ತು. ಅಂದೂ ಬಂದವಳು ಹಲಗೆಯ ಸುತ್ತ ಒಂದು ಸುತ್ತು ಹಾಕಿ, “ರಾಯರ, ನಿಮ್ಮ ಠೇಸನ್ನಾಗ ಒಬ್ಬ ಮನಷ್ಯಾನೂ ಇಲ್ಲಲ್ರೀ. ದೆವ್ವಗೋಳು ಹತ್ತೋ ಗಾಡಿ ಏನ್ರೀ ಇದು?” ಎಂದಳು.

ರಾಯರು ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು. “ನೆರಳಾಗ್ಲಿ ರತ್ನವ್ವ. ನೆರಳಿಲ್ದೆ ಯಾರು ಬಂದು ನಿಲ್ತಾರೆ?”

ಅವಳು ನೀರು ತರಲು ಕೆಳಗಿಳಿದಾಗ ಅವರು ತುಂಗಾಳ ಕಡೆ ತಿರುಗಿದರು.

“ಅಟ್ಟದ ಮೇಲೆ ತುಳಸಿ ಕಟ್ಟಿಗೆ ಇದೆಯಲ್ಲ.”

ತುಂಗಾ ಬೇರುಗಳನ್ನು ಎತ್ತಿಡುತ್ತಿದ್ದಳು. ಕೈ ನಿಂತಿತು. ಬೃಂದಾವನದ ತುಳಸಿ ಒಣಗಿದರೆ ಆ ಮನೆಯಲ್ಲಿ ಬಿಸಾಡುತ್ತಿರಲಿಲ್ಲ. ಒಣಗಿದ್ದನ್ನೆಲ್ಲ ಮಡಿಬಟ್ಟೆಯಲ್ಲಿ ಕಟ್ಟಿ ಅಟ್ಟದಲ್ಲಿಡುವುದು, ಮನೆಯಲ್ಲಿ ಯಾರಾದರೂ ಹೋದಾಗ ಚಿತೆಗೆ ಇಡುವುದು ಅತ್ತೆ ಕಲಿಸಿದ್ದ ಪದ್ಧತಿ. ಅತ್ತೆಯ ಎದೆಯ ಮೇಲೆ ಆ ಕಡ್ಡಿಗಳನ್ನಿಟ್ಟವರು ರಾಯರೇ.

“ಬಣ್ಣ ಹೊಡೆಸಿದಾಗ ಅದು ಹೋಯ್ತು ಅನ್ಸುತ್ತೆ,” ಎಂದಳು.

“ಹೋಗಿಲ್ಲ. ಒಂದರ ಬುಡ ಹೆಬ್ಬೆರಳಿನಷ್ಟು ದಪ್ಪ ಇತ್ತು. ತಿರುಚಿಕೊಂಡು ಬೆಳೆದಿತ್ತು. ಹುಣಸೆ ಹಾಗೇ.”

“ಅದನ್ನ ಇಂಥದಕ್ಕೆಲ್ಲ ಮುಟ್ಟಬಾರದು ಕಣ್ರೀ.”

“ನಂಗೇ ತಾನೆ ಇಟ್ಟಿರೋದು?” ದನಿಯಲ್ಲಿ ಕಹಿಯಿರಲಿಲ್ಲ. ಒಗೆದ ಶರ್ಟು ಕೇಳುವಂತೆ ಕೇಳಿದ್ದರು. “ಈಗ್ಲೇ ಕೊಡು.”

ತುಂಗಾ ಅವರ ಮುಖ ನೋಡಲಿಲ್ಲ. ಮೆಟ್ಟಿಲಿಳಿದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರು ಹರಿಯಲು ಬಿಟ್ಟು ನಿಂತಳು. ಗಾಲಿಕುರ್ಚಿಯಲ್ಲಿ ಕೂತು ತಲೆಯಾಡಿಸಿದ ದಿನವೇ ಅವರಿಗೆ ಗೊತ್ತಿತ್ತು. ಇಷ್ಟು ದಿನ ಅವಳ ಸುಳ್ಳನ್ನು ಅವರು ಗಂಜಿಯ ಜೊತೆ ಕುಡಿಯುತ್ತಿದ್ದದ್ದು ಅವಳಿಗಾಗಿ. ಕೊಟ್ಟರೆ ಒಪ್ಪಿಕೊಂಡಂತೆ. ಕೊಡದಿದ್ದರೆ ಆ ಮರ ಇಲ್ಲದೆ ಅವರು ಹೋಗಬೇಕು.

ರತ್ನವ್ವ ನಲ್ಲಿ ನಿಲ್ಲಿಸಿದಳು. “ಏನಾತ್ರೀ?”

“ಅಟ್ಟ ಹತ್ತಬೇಕು. ಏಣಿ ಹಿಡ್ಕೋತೀರಾ?”

ಗಂಟು ಅವಳು ನೆನೆದದ್ದಕ್ಕಿಂತ ಹಗುರವಾಗಿತ್ತು. ಧೂಳು ಕೊಡವಿ ಸೆರಗಿನಲ್ಲಿ ಒರೆಸಿ ಮೇಲೆ ತಂದು, ಮಂಚದ ಅಂಚಿಗೆ ಕೂತು ಬಿಚ್ಚಿದಳು. ರಾಯರು ಬೆರಳಿಟ್ಟು ತೋರಿಸಿದರು. ದಪ್ಪ ಬುಡದ ಆ ಕಡ್ಡಿಯ ಉದ್ದನೆಯ ತುದಿಗಳನ್ನು ಅವಳು ಕತ್ತರಿಯಿಂದ ಕತ್ತರಿಸತೊಡಗಿದಳು. ಕತ್ತರಿಸಿದ ಒಂದೊಂದು ಚೂರೂ ನೆಲಕ್ಕೆ ಬೀಳದಂತೆ ಬಟ್ಟೆಗೆ ಹಾಕಿದಳು. ನಾರು ಎಳೆದು ಅಂಟಿಸಿ, ಜರಡಿ ತಟ್ಟಿ ನುಗ್ಗೆಸೊಪ್ಪಿನ ಪುಡಿ ಉದುರಿಸಿದಳು. ಫ್ಯಾನ್ ಗಾಳಿಗೆ ಪುಡಿ ಹಾಸಿಗೆಯ ಮೇಲೂ ಅವಳ ತಲೆಯ ಮೇಲೂ ಹಾರಿತು. ರಾಯರು ಕಣ್ಣು ಮುಚ್ಚಿದಾಗ ಅವಳು ಕೆಲಸ ನಿಲ್ಲಿಸಿ ಉಸಿರು ನೋಡುವಳು. ತೆರೆದಾಗ ಮತ್ತೆ ಮುಂದುವರಿಸುವಳು.

ಸಂಜೆಯ ಬಿಸಿಲು ಹಲಗೆಯ ಮೇಲೆ ಬಂದಾಗ ಮರ ನಿಲ್ದಾಣದ ಎದುರು ನಿಂತಿತ್ತು. ಅವಳು ಗಂಟನ್ನು ಮತ್ತೆ ಕಟ್ಟುತ್ತಿದ್ದಳು.

“ಉಳಿದದ್ದು ಸಾಕಾಗುತ್ತಾ?” ಎಂದರು ರಾಯರು.

ತುಂಗಾ ಗಂಟು ಬಿಗಿದಳು.

“ಸಾಕು. ಒಂದು ಚೂರಾದ್ರೂ ಸಾಕು ಅಂತಿದ್ರು ಅತ್ತೆ.”

ಅವರು ತಲೆಯಾಡಿಸಿ, ದಿಂಬಿನ ಪಕ್ಕದ ಸ್ವಿಚ್ಚು ತಿರುಗಿಸಿದರು. ರೈಲು ಬೇವು ದಾಟಿ, ಹೊಂಗೆ ದಾಟಿ ನಿಧಾನವಾಗಿ ಬಂದು ಮರದ ಎದುರು ನಿಂತಿತು. ಹುಣಸೆಯ ನೆರಳು ರೈಲಿನ ಎರಡು ಡಬ್ಬಿಗಳ ಮೇಲೂ, ಯಾರೂ ಇಲ್ಲದ ಪ್ಲಾಟ್‌ಫಾರಂ ಮೇಲೂ ಬಿದ್ದಿತ್ತು. ರಾಯರು ಅದನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು.

“ತಲೇಲಿ ಎಲೆ ಬಿದ್ದಿದೆ.”

ಗಂಟನ್ನು ಮಡಿಲಲ್ಲಿಟ್ಟುಕೊಂಡೇ ತುಂಗಾ ಮುಂದಕ್ಕೆ ಬಾಗಿದಳು. ಅವರ ಕೈ ಅಷ್ಟೆತ್ತರ ಏಳಲಾರದೆಂದು ತಿಳಿದು, ಇನ್ನೂ ಸ್ವಲ್ಪ ಬಾಗಿದಳು.