ಯಾವ ಗದ್ದೆಗೆ

ಒಂಬತ್ತು ವರ್ಷದ ಗುತ್ಯಮ್ಮ ಮಾತು ಬಿಟ್ಟಳು, ಊಟ ಬಿಟ್ಟಳು, ಗೋಡೆ ಕಡೆ ಮುಖ ಮಾಡಿ ಕೂತಳು. ಕಾರಣ ಹುಡುಕಲು ಅವಳಪ್ಪ ಬೆಳ್ಳಪ್ಪ ದೂರ ಹೋಗಲಿಲ್ಲ. ತನ್ನನ್ನು ಹೆತ್ತ ತಾಯಿ ಕೆರಿಯಮ್ಮನ ಕಡೆಗೇ ಬೆರಳು ತೋರಿಸಿದ.

"ನಿಂದೇ ರಕ್ತ. ನೀನೂ ಹಿಂಗೇ ಕೂತಿದ್ಯಂತಲ್ಲ."

ಕೂತಿದ್ದು ಸುಳ್ಳಲ್ಲ. ಚೊಚ್ಚಲ ಕೂಸು ಸತ್ತಾಗ ಕೆರಿಯಮ್ಮ ಒಂದು ಮಳೆಗಾಲವಿಡೀ ಮಂಕು ಬಡಿದವಳಂತೆ ಕೂತಿದ್ದಳು. ಅವಳ ಅವ್ವನೂ ಹಾಗೇ ಇದ್ದಳಂತೆ. ಆದರೆ ಅತ್ತೆ ದುಗ್ಗಮ್ಮ ಬಿಡುವ ಹೆಂಗಸೇ? ಬೈದು ಉಣ್ಣಿಸಿದಳು, ಗದ್ದೆಗೆ ಎಳೆದೊಯ್ದಳು. ಭೂಮಿ ಹುಣ್ಣಿಮೆ ಬಂದಾಗ ಕೆಮ್ಮಣ್ಣು ಬಳಿದ ಬುಟ್ಟಿ ಮುಂದಿಟ್ಟು, ನಾರಿನ ಕುಂಚ ಕೈಗೆ ತುರುಕಿ, "ಬರಿ" ಅಂದಳು. ಬಸುರಿ ಭೂಮಿಗೆ ಬಯಕೆಯೂಟ ಹೊತ್ತು ಹೋಗುವ ಬುಟ್ಟಿ ಅದು. ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತ ಎಳೆಯುತ್ತ ಕೆರಿಯಮ್ಮ ಹೋ ಎಂದು ಅತ್ತಳು. ಆಮೇಲೆ ಉಂಡಳು.

ಗುತ್ಯಮ್ಮನಿಗೆ ಏನಿತ್ತು? ಅರವತ್ನಾಲ್ಕರಲ್ಲಿ ಅಣೆಕಟ್ಟಿನ ನೀರು ಏರಿ ಊರು, ಗದ್ದೆ ಎಲ್ಲ ಮುಳುಗಿತು. ಲಾರಿಯವರು ಮನೆಮಂದಿಯನ್ನೆಲ್ಲ ಪಾತ್ರೆಪಗಡಿಯ ಜೊತೆ ಹೊಸನಗರದಾಚೆಯ ಕಾಡಿನಲ್ಲಿ ಇಳಿಸಿ ಹೋದರು. ಮೊದಲ ಮಳೆಗೇ ತಗಡಿನ ಶೆಡ್ಡಿನಲ್ಲಿ ಅವಳಮ್ಮ ಜ್ವರ ಬಂದು ಸತ್ತಳು. ಸಾಗರದಲ್ಲಿರುವ ಮಗಳ ಮಗಳು ಯಮುನೆಯೂ ಕೆರಿಯಮ್ಮನ ರಕ್ತವೇ. ಅವಳು ಕುಣಿದುಕೊಂಡು ಶಾಲೆಗೆ ಹೋಗುತ್ತಾಳೆ. ಅವಳ ಮನೆ ಇದ್ದಲ್ಲೇ ಇದೆ, ತಾಯಿ ಒಲೆ ಮುಂದಿದ್ದಾಳೆ. ಇಷ್ಟು ಸಣ್ಣ ವಿಷಯ ಬೆಳ್ಳಪ್ಪನ ಮಂಡೆಗೆ ಹೋಗಲಿಲ್ಲ. ಮೊಮ್ಮಗಳ ಹತ್ತಿರ ಅಜ್ಜಿ ಸುಳಿಯಬಾರದು ಎಂದು ಅಪ್ಪಣೆ ಮಾಡಿದ.

ಕೆರಿಯಮ್ಮ ಆ ಅಪ್ಪಣೆಗೆ ಸೊಪ್ಪು ಹಾಕಲಿಲ್ಲ. ಭೂಮಿ ಹುಣ್ಣಿಮೆಯ ಹಿಂದಿನ ದಿನ ಮಗ ಕೂಲಿಗೆ ಹೋದದ್ದೇ ತಡ, ಬುಟ್ಟಿಗೆ ಕೆಮ್ಮಣ್ಣು ಬಳಿದು ಮೊಮ್ಮಗಳ ಮುಂದಿಟ್ಟಳು.

"ಬರಿಯೇ ಕೂಸೇ. ನಾನಿದೀನಿ."

ಬಹಳ ಹೊತ್ತಿನ ಮೇಲೆ ಪುಟ್ಟ ಕೈ ಅಲ್ಲಾಡಿತು. ಒಂದು ಗೆರೆ. ಅದರ ಪಕ್ಕ ಇನ್ನೊಂದು. ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿ ತೆರೆಯಿತು.

"ಅಜ್ಜೀ, ಇದನ್ನ ಯಾವ ಗದ್ದೆಗೆ ಹೊತ್ಕಂಡ್ ಹೋಗದು?"

ಕೆರಿಯಮ್ಮ ಬಾಗಿಲಾಚೆ ನೋಡಿದಳು, ಬರೀ ಕಾಡು. ದುಗ್ಗಮ್ಮನಿಗೆ ಕುಂಚದ ಜೊತೆ ಗದ್ದೆಯೂ ಇತ್ತು. ಮೊಮ್ಮಗಳನ್ನು ಉಳಿಸುವ ಆತುರದಲ್ಲಿ ಈ ಪಾಪಿ ಮುದುಕಿ ಅದನ್ನೇ ಮರೆತಿದ್ದಳು. ಹುಡುಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕುಂಚ ಕೆಳಗಿಟ್ಟು, ಗೋಡೆ ಕಡೆ ತಿರುಗಿದಳು.

ಸಂಜೆ ಬಂದ ಬೆಳ್ಳಪ್ಪ ಬುಟ್ಟಿ ನೋಡಿ ಉರಿದುಬಿದ್ದ. "ಹತ್ರ ಹೋಗ್ಬೇಡ ಅಂದಿರ್ಲಿಲ್ವಾ? ನಿನ್ನ ರಕ್ತದಿಂದ್ಲೇ..."

"ರಕ್ತ ನಂದೇ ಕಣಾ," ಅಂದಳು ಕೆರಿಯಮ್ಮ. "ನಿನ್ನ ಮೈಯಾಗೂ ಅದೇ ಹರೀತೈತೆ. ಗದ್ದೆ ಮುಳುಗ್ಸಿದ್ದೂ ನನ್ನ ರಕ್ತನಾ?"

ಬೆಳ್ಳಪ್ಪ ಮಗಳ ಪಕ್ಕದಲ್ಲಿ ಕುಸಿದು, ತಾನೂ ಗೋಡೆ ಕಡೆ ಮುಖ ಮಾಡಿ ಕೂತ.